ಹನ್ನೊಂದನೇ ಎಲೆ

ನಮ್ಮ ನೀಡರ್‌ಗ್ರೂನದಲ್ಲಿ ಯಾರೂ ಯಾರ ಮೇಲೂ ಕಾರಣವಿಲ್ಲದೆ ಅನುಮಾನ ಪಡುವುದಿಲ್ಲ. ಮೊದಲು ಅನುಮಾನ ಪಡುತ್ತೇವೆ, ಕಾರಣ ಆಮೇಲೆ ಹುಡುಕುತ್ತೇವೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ. ಈ ಊರಿನ ಕ್ಷೌರಿಕನಾಗಿ ಇದನ್ನು ನಾನು ಅಧಿಕಾರದಿಂದಲೇ ಹೇಳಬಲ್ಲೆ. ಇಲ್ಲಿ ಹುಟ್ಟುವ ಪ್ರತಿಯೊಂದು ಅನುಮಾನವೂ ಒಮ್ಮೆ ನನ್ನ ಕುರ್ಚಿಯ ಮೇಲೆ ಕೂತು, ಕೆನ್ನೆಗೆ ಸೋಪು ಹಚ್ಚಿಸಿಕೊಂಡೇ ಮುಂದಕ್ಕೆ ಹೋಗುವುದು.

ನಮ್ಮ ದೊರೆ ಕೈಸರ್ ಹೋಗಿ ಗಣರಾಜ್ಯ ಬಂದ ಮೇಲಿನ ಒಂದು ಬೇಸಿಗೆಯಲ್ಲಿ ವೆಸ್ಕೆ ಎಂಬ ಚಿತ್ರಕಾರ ಬಣ್ಣದ ಪೆಟ್ಟಿಗೆ ಹಿಡಿದು ನಮ್ಮೂರಲ್ಲಿ ರೈಲಿಳಿದ. ಅವನು ನಿಲ್ದಾಣದಿಂದ ಚೌಕಕ್ಕೆ ಬರುವಷ್ಟರಲ್ಲಿ ಇವನು ತೆರಿಗೆ ಇಲಾಖೆಯ ಗೂಢಚಾರ ಎಂದು ತೀರ್ಮಾನವಾಗಿತ್ತು. ಕಾರಣವೂ ಬೇಗನೇ ಸಿಕ್ಕಿತು. ನಮ್ಮೂರ ಗುಡ್ಡದ ಮೇಲೆ ಒಂದು ಹಳೆಯ ಕೋಟೆ ಇದೆ. ಯಾವ ಚಿತ್ರಕಾರ ಬಂದರೂ ಅದನ್ನೇ ಬರೆಯುವುದು ವಾಡಿಕೆ. ಈ ಮಹರಾಯ ಕೋಟೆಗೆ ಬೆನ್ನು ಹಾಕಿ ಕೂತು ಹಗ್ಗದ ಮೇಲೆ ಒಣಗುತ್ತಿದ್ದ ನಮ್ಮ ಒಳಬಟ್ಟೆಗಳನ್ನು ಬರೆದ. ಬಾತುಕೋಳಿ ತರಿಯುವ ಮುದುಕಿ, ಗಾಡಿಯ ಕೆಳಗೆ ಮಲಗಿದ ಕಲ್ಲಿದ್ದಲಿನವನು, ಹಿತ್ತಲಲ್ಲಿ ಆಲೂಗಡ್ಡೆ ಸುಲಿಯುವ ಹೆಂಗಸರು, ಇವೇ ಅವನಿಗೆ ಬೇಕು. ಅದರ ಮೇಲೆ ಬಣ್ಣ ಬೇರೆ! ಕುದುರೆ ನೀಲಿ, ಮುದುಕಿಯ ಮೂಗು ಹಳದಿ.

"ಎಲ್ರೀ ಇದೆ ನಮ್ಮೂರಲ್ಲಿ ನೀಲಿ ಕುದುರೆ?" ಅಂತ ಪೊಲೀಸಿನವನು ಕೇಳಿದ.

"ಇಲ್ಲವಲ್ಲ, ಅದಕ್ಕೇ ಬರೆದೆ," ಅಂದ ವೆಸ್ಕೆ.

ಪೊಲೀಸಿನವನು ನೆಟ್ಟಗೆ ಮನೆಗೆ ಹೋಗಿ ತನ್ನ ಕುದುರೆಲಾಯಕ್ಕೆ ಬೀಗ ಹಾಕಿಕೊಂಡು ಬಂದ.

ಊರೆಲ್ಲ ಹೀಗೆ ಬಾಗಿಲು ಹಾಕಿಕೊಳ್ಳುತ್ತಿರುವಾಗ, ತಾನಾಗಿ ಬಾಗಿಲು ತೆಗೆದವನು ಒಟ್ಟೊಕಾರ್ ಜಿಪೆಲ್ ಒಬ್ಬನೇ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ ಅನ್ನುವುದು ಇಂಥವರನ್ನು ನೋಡಿಯೇ.

ಜಿಪೆಲ್ ನಮ್ಮೂರ ತೂಕದ ಕಟ್ಟೆಯ ಅಧಿಕಾರಿ. ಹುಲ್ಲಿನ ಗಾಡಿ, ಬೀಟ್‌ಗೆಡ್ಡೆಯ ಗಾಡಿ, ಹಂದಿ, ಹೋರಿ, ಏನೇ ಮಾರಾಟವಾಗಲಿ ಅವನ ಕಟ್ಟೆ ಹತ್ತಿ ಇಳಿಯಬೇಕು. ಕಟ್ಟೆಯ ಬೀಗದ ಕೈ ಅವನ ಸೊಂಟದಲ್ಲಿ ತೂಗಾಡುತ್ತಿತ್ತು. ಅದರ ಸದ್ದು ಕೇಳಿದರೆ ಜಿಪೆಲ್ ಬಂದ ಅಂತ ಅರ್ಥ. ಮನುಷ್ಯ ಎಷ್ಟು ಪ್ರಾಮಾಣಿಕ ಅಂದರೆ, ಗಾಡಿಯ ಮೇಲೆ ಗುಬ್ಬಿ ಕೂತರೆ ಅದು ಹಾರಿಹೋಗುವ ತನಕ ಮುಳ್ಳು ಓದುತ್ತಿರಲಿಲ್ಲ. ಅವನಿಗಿದ್ದದ್ದು ಒಂದೇ ಒಂದು ಕೊರಗು. ಪುರಸಭೆಯಲ್ಲಿ ಮೇಯರ್ ಸಾಹೇಬರ ತೈಲಚಿತ್ರ ನೇತಾಡುತ್ತಿತ್ತು, ತನ್ನದು ಎಲ್ಲಿಯೂ ಇರಲಿಲ್ಲ.

'ಚಿನ್ನದ ಮೀನು' ಎಂಬ ನಮ್ಮ ಹೆಂಡದಂಗಡಿಯಲ್ಲಿ ಕಿಟಕಿಯ ಪಕ್ಕದ ದುಂಡು ಮೇಜು ಮೂವರಿಗೆ ಖಾಯಂ. ಒಬ್ಬ ಜಿಪೆಲ್. ಇನ್ನೊಬ್ಬ ಇಸ್ಪೀಟು ಸಂಘದ ಅಧ್ಯಕ್ಷ, ಬೇಕರಿಯ ಹುಂಗರ್. ನಮ್ಮ ಮಾತಿನಲ್ಲಿ ಹುಂಗರ್ ಅಂದರೆ ಹಸಿವು. ಬೇಕರಿ ಇಡುವವನಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಡ. ಮೂರನೆಯವನು ಔಷಧದಂಗಡಿಯ ಟೆಟ್ಸ್‌ನರ್. ಅವನ ಕನ್ನಡಕ ಬಾಟಲಿಯ ತಳದಷ್ಟು ದಪ್ಪ, ಹಾಗಿದ್ದೂ ಅದರಾಚೆ ಏನೂ ಕಾಣುತ್ತಿರಲಿಲ್ಲ. ಊರಿನ ಆರೋಗ್ಯ ಅವನ ಕೈಯಲ್ಲಿತ್ತು. ನಾನು ಅವರ ಬೆನ್ನ ಹಿಂದೆ ಕೂತು ನೋಡುವವನು. ಗೋಡೆಯ ಮೇಲೆ ಒಂದು ಹಲಗೆ ಇದೆ: 'ಆಟ ನೋಡುವವರಿಗೆ ಬಾಯಿಲ್ಲ.' ಈ ನಿಯಮವನ್ನು ನಮ್ಮಲ್ಲಿ ಬೈಬಲಿನ ಹತ್ತು ಆಜ್ಞೆಗಳಿಗಿಂತ ಹೆಚ್ಚು ಭಕ್ತಿಯಿಂದ ಪಾಲಿಸುತ್ತಾರೆ.

ಆಡುವ ಆಟ ಸ್ಕಾಟ್. ಮೂವತ್ತೆರಡು ಎಲೆ, ಮೂವರಿಗೆ ತಲಾ ಹತ್ತು, ಉಳಿದೆರಡು ಮೇಜಿನ ಮೇಲೆ ಬೋರಲು. ಇಷ್ಟು ನೆನಪಿಟ್ಟುಕೊಂಡರೆ ಸಾಕು. ಜಿಪೆಲ್ ನೆನಪಿಟ್ಟುಕೊಂಡಿದ್ದಕ್ಕಿಂತ ಇದು ಹೆಚ್ಚೇ.

ಒಂದು ಸಂಜೆ ಜಿಪೆಲ್ ಮೀಸೆಗೆ ಮೇಣ ಹಚ್ಚಿಕೊಂಡು, ವೆಸ್ಕೆಯನ್ನು ತೋಳು ಹಿಡಿದು ಕರೆದುಕೊಂಡೇ ಬಂದ.

"ಬರೀರಿ ಸ್ವಾಮಿ. ನಾವು ಆಡ್ತಾ ಇರ್ತೀವಿ. ಸಹಜವಾಗಿರಬೇಕು ನೋಡಿ," ಅಂದು ಕುತ್ತಿಗೆ ನೆಟ್ಟಗೆ ಮಾಡಿ, ಉಸಿರು ಕಟ್ಟಿ ಕೂತ.

ವೆಸ್ಕೆ ಮೂಲೆಯಲ್ಲಿ ಕೂತು, ಕಾಗದ ಒದ್ದೆ ಮಾಡಿ, ಕುಂಚ ಆಡಿಸಿದ. ಜಿಪೆಲ್‌ನ ಬಿಯರಿನ ನೊರೆ ಇಳಿಯುವುದರೊಳಗೆ ಚಿತ್ರ ಮುಗಿದುಹೋಗಿತ್ತು.

"ಇಷ್ಟೇನಾ? ಮೇಯರ್ ಸಾಹೇಬ್ರದ್ದು ಇಡೀ ಚಳಿಗಾಲ ಬರೆದಿದ್ರು!" ಅಂದ ಜಿಪೆಲ್.

"ಅದು ಎಣ್ಣೆ. ಇದು ನೀರು. ನೀರು ಯಾರಿಗೂ ಕಾಯೋದಿಲ್ಲ."

ಜಿಪೆಲ್ ನೋಡಿದ. ಮೂವರು ಮೇಜಿನ ಸುತ್ತ ಕೂತಿದ್ದಾರೆ, ಕೈಯಲ್ಲಿ ಎಲೆಗಳು, ಮೇಲೆ ಕಿತ್ತಳೆ ಬಣ್ಣದ ದೀಪ. ತನ್ನ ಮುಖ ಹಸಿ ಅವರೆಕಾಯಿಯ ಹಾಗೆ ಹಸಿರು. ಹಸಿರು ಯಾಕೆ ಅಂತ ಕೇಳಿದರೆ ದಡ್ಡ ಅಂದುಕೊಂಡಾರು. "ಓಹೋ, ಆಧುನಿಕ!" ಅಂದ. ವೆಸ್ಕೆ ಚಿತ್ರವನ್ನು ಅವನಿಗೇ ಕೊಟ್ಟುಬಿಟ್ಟ.

ಜಿಪೆಲ್ ಅದಕ್ಕೆ ಕಟ್ಟು ಹಾಕಿಸಿ, ಅಂಗಡಿಯ ಒಡತಿ ವಾಲ್ಲಿಯಮ್ಮನ ಕೈಕಾಲು ಹಿಡಿದು, ದುಂಡು ಮೇಜಿನ ನೆತ್ತಿಯ ಮೇಲೇ ತೂಗುಹಾಕಿಸಿದ. ಈ ವಾಲ್ಲಿಯಮ್ಮ ವಿಧವೆ, ಗಟ್ಟಿ ಹೆಂಗಸು. ಕಾಲಲ್ಲಿ ಆಣಿಯಾದದ್ದರಿಂದ ಬೇಸಿಗೆ ಚಳಿಗಾಲ ಎನ್ನದೆ ಕೆಂಪು ಉಣ್ಣೆಯ ಚಪ್ಪಲಿ ಮೆಟ್ಟುತ್ತಿದ್ದಳು. ಮರೆಯದೆ ಇಟ್ಟುಕೊಳ್ಳಿ, ಆ ಚಪ್ಪಲಿಗೆ ಮುಂದೆ ಕೆಲಸವಿದೆ.

ಚಿತ್ರದ ಅನಾವರಣಕ್ಕೆ ಅರ್ಧ ಊರು ಬಂತು. ಜಿಪೆಲ್ ಎದ್ದು ನಿಂತು ಆಧುನಿಕ ಕಲೆಯ ಬಗ್ಗೆ ಭಾಷಣ ಮಾಡಿದ. "ಇದು ಹೊರಗಣ್ಣಿಗೆ ಕಾಣೋದಲ್ಲ. ಈ ಕಲಾವಿದರು ಮನುಷ್ಯನ ಒಳಗಿರೋದನ್ನ ಹೊರಗೆ ಹಾಕ್ತಾರೆ! ಇದರಲ್ಲಿ ಕಾಣೋದೇ ನಿಜವಾದ ನಿಜ!"

ಈ ಮಾತನ್ನು ಅವನು ಎರಡು ಸಲ ಹೇಳಿದ. ಎರಡನೇ ಸಲ ಹೇಳದಿದ್ದರೆ ಬಹುಶಃ ಬದುಕಿಕೊಳ್ಳುತ್ತಿದ್ದ.

ಆ ವಾರವೆಲ್ಲ ಆಟದಲ್ಲಿ ಜಿಪೆಲ್ ಗೆದ್ದಿದ್ದ, ಹುಂಗರ್ ಸೋತಿದ್ದ. ಸೋತವನಿಗೆ ಮಾಡಲು ಬೇರೆ ಕೆಲಸವಿಲ್ಲದೆ ಚಿತ್ರದ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದ. ತನ್ನ ಕೈಯಲ್ಲಿ ಹತ್ತು ಎಲೆ. ಟೆಟ್ಸ್‌ನರ್ ಕೈಯಲ್ಲಿ ಹತ್ತು. ಜಿಪೆಲ್ ಕೈಗೆ ಬಂದಾಗ ಬೆರಳು ನಿಂತಿತು.

"ಹನ್ನೊಂದು," ಅಂದ.

"ಏನು ಹನ್ನೊಂದು?" ಅಂದ ಜಿಪೆಲ್, ಇನ್ನೂ ನಗುತ್ತಲೇ.

"ನಿನ್ನ ಕೈಯಲ್ಲಿ ಎಲೆ. ಹನ್ನೊಂದು. ಹೆಬ್ಬೆರಳ ಹತ್ತಿರ ಬೆಳ್ಳಗೆ ಒಂದು ಇದೆಯಲ್ಲ, ಅದೂ ಸೇರಿ."

ಎಲ್ಲರೂ ಒಬ್ಬೊಬ್ಬರಾಗಿ ಸಾಲಿನಲ್ಲಿ ಬಂದು ಎಣಿಸಿದರು. ಯಾರು ಎಣಿಸಿದರೂ ಹನ್ನೊಂದೇ. ಟೆಟ್ಸ್‌ನರ್ ಎಣಿಸಿದಾಗ ಮಾತ್ರ ಹದಿನಾಲ್ಕು ಬಂತು, ಅದು ಜಿಪೆಲ್‌ಗೆ ಸಹಾಯವಾಗಲಿಲ್ಲ.

"ಚಿತ್ರಕಾರ ತಪ್ಪು ಮಾಡಿರ್ಬೇಕು ಕಣ್ರೀ!"

"ನಮ್ಮಿಬ್ಬರದ್ದೂ ಸರಿಯಾಗಿ ಬರೆದು ನಿನ್ನದೊಂದೇ ತಪ್ಪು ಮಾಡಿದ್ನಾ? ಇದರಲ್ಲಿ ಕಾಣೋದೇ ನಿಜವಾದ ನಿಜ ಅಂತ ಈಗ ತಾನೇ ಯಾರೋ ಅಂದ್ರಪ್ಪ. ಯಾರದು ಅಂದಿದ್ದು?" ಅಂದ ಹುಂಗರ್. "ಮುಖ ಯಾಕೆ ಹಸಿರು ಅಂತ ಈಗ ಗೊತ್ತಾಯ್ತು. ಕಳ್ಳ ಎಲೆ ಇಟ್ಕೊಂಡವನ ಮುಖ ಇನ್ನೇನು ಕೆಂಪಗಿರುತ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗೆ ಜಿಪೆಲ್ ತನ್ನ ಅಂಗಿಯ ತೋಳು ಮುಟ್ಟಿ ನೋಡಿಕೊಂಡ. ಅದನ್ನು ಎಲ್ಲರೂ ನೋಡಿದರು.

ಮಾರನೆಯ ಬೆಳಿಗ್ಗೆ ತೂಕದ ಕಟ್ಟೆಯಲ್ಲಿ ಒಬ್ಬ ರೈತ ತನ್ನ ಹಂದಿಯನ್ನು ತೂಗಿಸಿ, ಇಳಿಸಿ, "ಇನ್ನೊಂದ್ಸಲ ತೂಗಿ ಸಾಹೇಬ್ರೇ," ಅಂದ.

"ಯಾಕೆ?"

"ಯಾಕೂ ಇಲ್ಲ. ಕೈ ಎರಡನ್ನೂ ಮೇಜಿನ ಮೇಲಿಟ್ಟು ತೂಗಿ."

ಮನೆಯಲ್ಲಿ ಹೆಂಡತಿ ಹುಲ್ಡಾ ಅವನ ಕೋಟಿನ ಅಸ್ತರಿಯನ್ನು ಬಿಚ್ಚಿ ನೋಡುತ್ತಿದ್ದಳು. "ಎಲೆ ಇಟ್ಕೊಂಡಿದ್ರೆ ಹೇಳಿಬಿಡಿ, ಬೈಯೋದಿಲ್ಲ. ಇಟ್ಕೊಂಡೂ ಇಷ್ಟೇ ಗೆದ್ದಿದ್ದು ಅಂದ್ರೆ ಮಾತ್ರ ಬೈತೀನಿ."

ಊರ ವೈದ್ಯರು ಚಿತ್ರ ನೋಡಿ, ಇದು ಕಳ್ಳತನವಲ್ಲ, ಪಿತ್ತಕೋಶ ಅಂದರು. ಇದರಿಂದ ಅನುಮಾನ ಕಡಿಮೆಯಾಗುವ ಬದಲು, ಕಳ್ಳ ಮಾತ್ರವಲ್ಲ, ರೋಗಿಷ್ಠನೂ ಹೌದು ಎಂದಾಯಿತು. ಭಾನುವಾರ ಇಗರ್ಜಿಯಲ್ಲಿ ಪಾದ್ರಿಗಳು ಓದಿದ ವಚನ, 'ಮೋಸದ ತಕ್ಕಡಿ ದೇವರಿಗೆ ಅಸಹ್ಯ.' ಆ ವಾರದ ಪಾಠ ಅದೇ ಆಗಿತ್ತು ಎಂದು ಪಾದ್ರಿಗಳು ಆಮೇಲೆ ಆಣೆ ಇಟ್ಟು ಹೇಳಿದರು. ಆದರೆ ಅಷ್ಟರಲ್ಲಿ ಇಡೀ ಸಭೆ ಜಿಪೆಲ್ ಕಡೆಗೆ ತಿರುಗಿಯಾಗಿತ್ತು. ಆರ್ಗನ್ ನುಡಿಸುವವನೂ ತಿರುಗಿದ್ದರಿಂದ ಒಂದು ಸ್ವರ ತಪ್ಪಿತು.

ಕೊನೆಗೆ ಮೇಯರ್ ಸಾಹೇಬರು ಕರೆಸಿದರು. ತಮ್ಮದೇ ತೈಲಚಿತ್ರದ ಕೆಳಗೆ ಕೂತಿದ್ದರು.

"ನೋಡಿ ಜಿಪೆಲ್, ನಾನೇನೂ ಹೇಳ್ತಾ ಇಲ್ಲ. ಜನ ಹೇಳ್ತಾರೆ. ಜನ ಹೇಳಿದ್ದನ್ನ ನಾನು ಹೇಳೋದಿಲ್ಲ. ಆದರೆ ಜನ ಏನು ಹೇಳ್ತಾರೆ ಅಂದ್ರೆ, ಆಟದಲ್ಲಿ ಹತ್ತನ್ನ ಹನ್ನೊಂದು ಮಾಡೋನು ಕಟ್ಟೆಯಲ್ಲಿ ಏನು ಮಾಡ್ತಾನೋ ಅಂತ. ಭಾನುವಾರದೊಳಗೆ ಹೆಸರು ತೊಳ್ಕೊಳ್ಳಿ. ಆಗದೇ ಇದ್ರೆ ಬೀಗದ ಕೈ ನನ್ನ ಮೇಜಿನ ಮೇಲಿಟ್ಟು ಹೋಗಿ."

ಜಿಪೆಲ್‌ನ ಅಪ್ಪನೂ ಅದೇ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದವನು. ಅಂದು ನನ್ನ ಕುರ್ಚಿಯಲ್ಲಿ ಕೂತಾಗ ಜಿಪೆಲ್ ಅತ್ತುಬಿಟ್ಟ. ಸೋಪಿನ ನೊರೆ ಅಂದುಕೊಂಡು ಮೊದಲು ಒರೆಸಿದೆ, ನಿಜ ಗೊತ್ತಾದಾಗ ನನಗೂ ಸಂಕಟವಾಯಿತು. ಅವನು ಗುಬ್ಬಿ ಹಾರುವುದನ್ನು ಕಾಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡವನು. ಆದರೂ ಅವನ ತೋಳಿನ ಕಡೆ ಒಂದು ಸಲ ನೋಡಿದೆ. ನಾನೂ ಇದೇ ಊರಿನವನು ತಾನೇ?

ಜಿಪೆಲ್ ಅಲ್ಲಿಂದ ಎದ್ದವನೇ ಕೆರೆಯ ದಂಡೆಗೆ ಓಡಿದ. ವೆಸ್ಕೆ ಬಾತುಕೋಳಿಗಳಿಗೆ ನೇರಳೆ ಬಣ್ಣ ಹಾಕುತ್ತಿದ್ದ.

"ಸ್ವಾಮಿ, ಆ ಹನ್ನೊಂದನೇ ಎಲೆ ಯಾಕೆ ಬರೆದ್ರಿ?"

"ಯಾವುದು? ಹೆಬ್ಬೆರಳ ಹತ್ತಿರದ ಬಿಳೀದಾ? ಅದನ್ನ ನಾನು ಬರೆದೇ ಇಲ್ಲ."

"ಇದೆಯಲ್ರೀ!"

"ಇದೆ. ಆದ್ರೆ ಬರೆದಿಲ್ಲ. ನೀರಿನ ಬಣ್ಣದಲ್ಲಿ ಬಿಳಿ ಅನ್ನೋ ಬಣ್ಣಾನೇ ನಾನು ಬಳಸೋದಿಲ್ಲ. ಬಿಳಿ ಬೇಕಾದ ಕಡೆ ಕಾಗದಾನ ಹಾಗೇ ಬಿಟ್ಟುಬಿಡ್ತೀನಿ. ಅದು ಬರೀ ಖಾಲಿ ಕಾಗದ."

ಜಿಪೆಲ್ ಅವನನ್ನು ತಬ್ಬಿಕೊಂಡ. ಕುಂಚ ತಾಗಿ ಜಿಪೆಲ್‌ನ ಬೆನ್ನೆಲ್ಲ ನೇರಳೆಯಾಯಿತು.

ಭಾನುವಾರ ಪ್ರಾರ್ಥನೆ ಮುಗಿದದ್ದೇ ಗಂಡಸರೆಲ್ಲ ಬೆಳಗಿನ ಬಿಯರಿಗೆ ಎಂದಿನಂತೆ 'ಚಿನ್ನದ ಮೀನಿ'ಗೆ ಬಂದರು. ಹೆಂಗಸರು ಎಂದಿನಂತೆ ಇಗರ್ಜಿಯ ಅಂಗಳದಲ್ಲಿ ನಿಂತು ಅವರನ್ನು ಬೈಯುತ್ತಿದ್ದರು. ಮೇಯರ್ ಸಾಹೇಬರು ಬಂದರು. ಹುಂಗರ್ ಅಧ್ಯಕ್ಷನ ಕುರ್ಚಿಯಲ್ಲಿ ಕೂತು ಮೇಜು ಗುದ್ದಿದ. ಜಿಪೆಲ್ ಬೀಗದ ಕೈಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಸಾಕ್ಷಿಯನ್ನು ಮುಂದೆ ತಳ್ಳಿದ.

"ಹನ್ನೊಂದನೇ ಎಲೆ ನಾನು ಬರೆದಿಲ್ಲ," ಅಂದ ವೆಸ್ಕೆ.

"ಕೇಳಿದ್ರಾ!" ಅಂತ ಕುಣಿದ ಜಿಪೆಲ್.

"ಕೇಳಿದ್ವಿ," ಅಂದ ಹುಂಗರ್. "ಮಿಕ್ಕ ಮೂವತ್ತು ಎಲೆ ಬರೆದ್ರಿ?"

"ಬರೆದೆ."

"ಕಣ್ಣಿಗೆ ಕಂಡಿದ್ದಕ್ಕೆ ಬರೆದ್ರಿ. ಇದನ್ನ ಬರೀಲಿಲ್ಲ. ಯಾಕೆ? ಕಣ್ಣಿಗೆ ಕಾಣಲಿಲ್ಲ. ಯಾಕೆ ಕಾಣಲಿಲ್ಲ?" ಹುಂಗರ್ ಎದ್ದು ನಿಂತ. "ಅಷ್ಟು ಚೆನ್ನಾಗಿ ಬಚ್ಚಿಟ್ಟಿದ್ದ! ಚಿತ್ರಕಾರನಿಗೂ ಕಾಣದ ಹಾಗೆ!"

ಸಭೆ ಹೋ ಎಂದಿತು. ನಮ್ಮೂರಲ್ಲಿ ಇಂಥ ತರ್ಕಕ್ಕೆ ಎದುರು ತರ್ಕ ಹುಟ್ಟಿಲ್ಲ. ಮೇಯರ್ ಸಾಹೇಬರ ಕೈ ಬೀಗದ ಕೈಯ ಕಡೆಗೆ ಮೆಲ್ಲಗೆ ಹೊರಟಿತು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಹುಲ್ಡಾ ಬಂದಳು. ಆ ಮೇಜಿನ ಹತ್ತಿರ ಯಾರ ಹೆಂಡತಿಯೂ ಬಂದದ್ದಿಲ್ಲ. ಎಲ್ಲರೂ ತಮ್ಮ ಹೆಂಡತಿಯೇ ಬಂದಳೆಂದು ಲೋಟ ಕೆಳಗಿಟ್ಟರು.

"ಒಲೆ ಮೇಲೆ ಆಲೂಗಡ್ಡೆ ಕಡುಬಿದೆ, ಬೇಗ ಮುಗಿಸಿ. ಎಲ್ಲಿ ಆ ಚಿತ್ರ?" ಅಂದಳು. ಅದುವರೆಗೆ ಅವಳು ಅದನ್ನು ನೋಡಿರಲಿಲ್ಲ. ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು. ಗಂಡಸರೆಲ್ಲ ಆ ಚಿತ್ರದಲ್ಲಿ ಮೇಜಿನ ಮೇಲಿನದನ್ನೇ ನೋಡಿದ್ದರು. ಮನೆ ಗುಡಿಸುವವಳು ಮೊದಲು ಮೇಜಿನ ಕೆಳಗೆ ನೋಡಿದಳು.

"ಇದು ಯಾರ ಚಪ್ಪಲಿ?"

"ಯಾವ ಚಪ್ಪಲಿ?"

"ಮೇಜಿನ ಕೆಳಗೆ, ಕೆಂಪಗೆ. ಈ ಬಿಳೀ ಬೂಟಿನ ಮೇಲೆ ಹತ್ತಿ ಕೂತಿದೆಯಲ್ಲ."

ಎಲ್ಲರೂ ವಾಲ್ಲಿಯಮ್ಮನ ಕಾಲು ನೋಡಿದರು. ಕೆಂಪು ಉಣ್ಣೆಯ ಚಪ್ಪಲಿ. ಆಮೇಲೆ ಬೇಕರಿಯ ಹುಂಗರ್‌ನ ಕಾಲು ನೋಡಿದರು. ವರ್ಷವಿಡೀ ಹಿಟ್ಟು ಮೆತ್ತಿ ಬೆಳ್ಳಗಿರುವ ಬೂಟು ಊರಲ್ಲಿ ಅವನದೊಂದೇ.

"ನಿಮ್ಮ ತರ್ಕಾನೇ ಹೇಳ್ತೀನಿ ಕೇಳಿ ಹುಂಗರಣ್ಣ," ಅಂದಳು ಹುಲ್ಡಾ. "ಚಿತ್ರದಲ್ಲಿ ಎಲೆ ಇದ್ರೆ ನನ್ನ ಗಂಡ ಕಳ್ಳ. ಚಿತ್ರದಲ್ಲಿ ಚಪ್ಪಲಿ ಇದ್ರೆ ನೀವು ಏನು? ನಂಗೊತ್ತಿಲ್ಲಪ್ಪ. ನಿಮ್ಮನೆಯವರು ಅಂಗಳದಲ್ಲೇ ಇದಾರೆ, ಕರೀತೀನಿ, ಅವರಿಗೆ ಗೊತ್ತಿರುತ್ತೆ."

ಹುಂಗರ್‌ನ ಹೆಂಡತಿಯ ಬಗ್ಗೆ ನಾನೇನೂ ಹೇಳುವುದಿಲ್ಲ. ಬೇಕರಿಯಲ್ಲಿ ಹಿಟ್ಟು ನಾದುವವಳು ಅವಳೇ ಅಂದರೆ ಸಾಕು.

"ಬೇಡ!" ಅಂದ ಹುಂಗರ್. ಕಿಟಕಿಯಾಚೆ ನೋಡಿದ, ಚಿತ್ರ ನೋಡಿದ, ತಟ್ಟನೆ ಅವನ ಮುಖ ಬೆಳಗಿತು. "ಆ ಬೂಟು ಬಿಳಿ! ಬಿಳೀನ ಇವರು ಬರೆಯೋದೇ ಇಲ್ಲ! ಖಾಲಿ ಕಾಗದ! ಅಲ್ವೇನ್ರೀ? ಈಗ ತಾನೇ ಹೇಳಿದ್ರಲ್ಲ? ಹೇಳ್ರೀ!"

"ಹೌದು, ಖಾಲಿ ಕಾಗದ," ಅಂದ ವೆಸ್ಕೆ. "ಅಲ್ಲಿ ಕೆಂಪು ಬೇಕಿತ್ತು, ಹಾಕಿದೆ."

"ಹಾಗಾದ್ರೆ ಬೂಟಿಲ್ಲ," ಅಂದಳು ಹುಲ್ಡಾ.

"ಇಲ್ಲ!"

"ಬೂಟಿಲ್ಲದಿದ್ರೆ ಎಲೇನೂ ಇಲ್ಲ."

ಹುಂಗರ್ ಕಿಟಕಿಯಾಚೆ ಇನ್ನೊಮ್ಮೆ ನೋಡಿ, "ಎಲೇನೂ ಇಲ್ಲ," ಅಂದ. ಆಮೇಲೆ ಅಧ್ಯಕ್ಷನ ಗತ್ತಿನಲ್ಲಿ ಮೇಜು ಗುದ್ದಿದ. "ಚಿತ್ರ ಸಾಕ್ಷಿಯಲ್ಲ ಎಂದು ಈ ಸಂಘ ನಿರ್ಣಯಿಸಿದೆ! ಜಿಪೆಲ್ ನಿರ್ದೋಷಿ! ಇನ್ನು ಮುಂದೆ ಈ ಚಿತ್ರದಲ್ಲಿ ಯಾರೂ ಏನನ್ನೂ ಎಣಿಸತಕ್ಕದ್ದಲ್ಲ!"

ಮೇಯರ್ ಸಾಹೇಬರು ಬೀಗದ ಕೈಯನ್ನು ಜಿಪೆಲ್ ಕಡೆ ತಳ್ಳಿ, ಜನ ಏನೇ ಹೇಳಲಿ ತಾವು ಮೊದಲಿಂದಲೂ ಏನೂ ಹೇಳಿರಲಿಲ್ಲ ಎಂದು ಹೇಳಿ ಊಟಕ್ಕೆ ಹೋದರು. ಹುಲ್ಡಾ ಕಡುಬಿಗೆ ಓಡಿದಳು. ಗುಂಪು ಕರಗಿತು. ಸಂಧಾನದ ಗುರುತಿಗೆ ಒಂದು ಕೈ ಆಡೋಣ ಎಂದು ಟೆಟ್ಸ್‌ನರ್ ಸೂಚಿಸಿದ. ವೆಸ್ಕೆ ಮೂಲೆಯಲ್ಲಿ ಕೂತು ಬಿಯರು ಕುಡಿಯುತ್ತಿದ್ದ. ನಾನು ನನ್ನ ಜಾಗದಲ್ಲಿ, ಬಾಯಿಲ್ಲದೆ.

ಎಲೆ ಹಂಚುವ ಸರದಿ ಹುಂಗರ್‌ನದು. ಕಿಟಕಿಯಾಚೆ ಅವನ ಹೆಂಡತಿ ಅಂಗಳ ದಾಟಿ ಇತ್ತಲೇ ನೋಡುತ್ತ ನಿಂತಿದ್ದಳು. ಒಂದು ಕಣ್ಣು ಅಲ್ಲಿ, ಒಂದು ಕಣ್ಣು ಇಲ್ಲಿ, ಹೇಗೋ ಹಂಚಿ ಮುಗಿಸಿದ.

ಜಿಪೆಲ್ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ, ಸುಖವಾಗಿ ಎಲೆಗಳನ್ನು ಬಿಚ್ಚಿದ. ಜೋಡಿಸಿದ. ಎಣಿಸಿದ. ಮತ್ತೆ ಎಣಿಸಿದ. ಬೆನ್ನ ಹಿಂದಿನಿಂದ ನಾನೂ ಎಣಿಸಿದೆ.

ಹನ್ನೊಂದು.

ಬೇರೆ ಯಾವ ದಿನವಾದರೂ "ತಪ್ಪು ಹಂಚಿದ್ದೀಯಪ್ಪ" ಅಂದರೆ ಮುಗಿಯುತ್ತಿತ್ತು. ಆದರೆ ಜಿಪೆಲ್ ಇವತ್ತು, ಈ ಚಿತ್ರದ ಕೆಳಗೆ ಕೂತು, "ನನ್ನ ಕೈಯಲ್ಲಿ ಹನ್ನೊಂದು ಎಲೆ ಇದೆ" ಎಂದು ಯಾವ ಬಾಯಲ್ಲಿ ಹೇಳಬೇಕು? ಅವನು ತಲೆಯೆತ್ತಿ ಚಿತ್ರ ನೋಡಿದ. ಅವನ ಮುಖಕ್ಕೆ ಬಣ್ಣ ಏರತೊಡಗಿತು. ನಿಮ್ಮಾಣೆ, ಅದೇ ಹಸಿರು. ಅಷ್ಟು ದಿನ ನಾವು ನಕ್ಕ ಹಸಿರು ವೆಸ್ಕೆಗೆ ಎಲ್ಲಿ ಸಿಕ್ಕಿತ್ತು ಎಂದು ನನಗೆ ಆಗ ತಿಳಿಯಿತು.

ಎದುರಿಗೆ ಹುಂಗರ್ ತನ್ನ ಎಲೆ ಎಣಿಸುತ್ತಿದ್ದ. ಒಂಬತ್ತು. ಬಾಯಿ ತೆರೆದ. ಒಂಬತ್ತು ಅಂದರೆ ಎಲ್ಲೋ ಹನ್ನೊಂದಿದೆ, ಹನ್ನೊಂದು ಅಂದರೆ ಎಲ್ಲರೂ ಮತ್ತೆ ಚಿತ್ರ ನೋಡುತ್ತಾರೆ, ಚಿತ್ರ ನೋಡಿದರೆ ಚಪ್ಪಲಿ. ಕಿಟಕಿಯ ಕಡೆ ನೋಡಿದ. ಬಾಯಿ ಮುಚ್ಚಿದ.

ಜೀವಮಾನದಲ್ಲಿ ಒಂದು ಗುಬ್ಬಿಯ ತೂಕಕ್ಕೂ ಮೋಸ ಮಾಡದ ಜಿಪೆಲ್, ಪ್ರಾಮಾಣಿಕ ಎಂಬ ಹೆಸರು ಉಳಿಸಿಕೊಳ್ಳಲು ಬೇರೆ ದಾರಿ ಕಾಣದೆ, ಒಂದು ಎಲೆಯನ್ನು ಮೊಣಕಾಲಿನ ಮೇಲಿಂದ ಮೆಲ್ಲಗೆ ಕೆಳಗೆ ಜಾರಿಸಿದ. ಅದು ಬಿಯರು ಇಡಲು ಬಂದಿದ್ದ ವಾಲ್ಲಿಯಮ್ಮನ ಚಪ್ಪಲಿಯ ಮೇಲೆ ಬಿತ್ತು. ಅವಳು ಕೆಳಗೆ ನೋಡಲಿಲ್ಲ. ಮೂರು ಲೋಟಗಳನ್ನು ಮೇಜಿನ ಮೇಲಿಡುತ್ತಲೇ ಆ ಕೆಂಪು ಚಪ್ಪಲಿ ಎಲೆಯನ್ನು ತಳ್ಳಿಕೊಂಡು ಮೇಜಿನಡಿಯಲ್ಲಿ ಹೊರಟು, ದಾರಿ ಚೆನ್ನಾಗಿ ಗೊತ್ತಿದ್ದ ಹಾಗೆ, ಬಿಳೀ ಬೂಟಿನ ಮೇಲೆ ಹತ್ತಿ ನಿಂತಿತು.

"ಅಯ್ಯೋ, ಬೆಂಕಿಪೆಟ್ಟಿಗೆ ಬಿತ್ತು," ಅಂದು ಹುಂಗರ್ ಬಗ್ಗಿದ. ಎದ್ದಾಗ ಅವನ ಕೈಯಲ್ಲಿ ಹತ್ತು ಎಲೆಗಳಿದ್ದವು.

ಟೆಟ್ಸ್‌ನರ್ ಕನ್ನಡಕ ಒರೆಸಿಕೊಂಡು, ನೆಮ್ಮದಿಯ ಉಸಿರುಬಿಟ್ಟ. "ಅಪ್ಪಾ, ಅನುಮಾನ ತೊಲಗಿ ಆಡೋ ಆಟದ ಸುಖಾನೇ ಬೇರೆ. ಅಲ್ವೇನಯ್ಯಾ?" ಅಂತ ತಿರುಗಿ ನನ್ನನ್ನು ಕೇಳಿದ.

ನಾನು ಗೋಡೆಯ ಮೇಲಿನ ಹಲಗೆಯನ್ನು ತೋರಿಸಿದೆ.

ಆಗ ಮೂಲೆಯಲ್ಲಿ ಕಟ್ ಎಂದು ಸದ್ದಾಯಿತು. ವೆಸ್ಕೆ ಬಣ್ಣದ ಪೆಟ್ಟಿಗೆ ತೆಗೆದು, ಮೇಜಿನ ಕೆಳಗೇ ದೃಷ್ಟಿಯಿಟ್ಟು, ಕುಂಚವನ್ನು ನೀರಿನಲ್ಲಿ ಅದ್ದುತ್ತಿದ್ದ.

"ಬೇಡ!" ಎಂದು ಜಿಪೆಲ್ಲೂ ಹುಂಗರೂ ಒಂದೇ ಉಸಿರಿಗೆ ಕೂಗಿದರು.